ಕಪ್ಪು-ಬಿಳುಪಿನ ಆಗಸಕ್ಕೆ ಮೋಡ ಬಂದ ಬಗೆ

ಹತ್ತೊಂಬತ್ತನೇ ಶತಮಾನದ ಭೂದೃಶ್ಯದ ಛಾಯಾಚಿತ್ರಗಳನ್ನು ನೋಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಬೆಟ್ಟ, ಮರ, ಕಟ್ಟಡಗಳೆಲ್ಲ ಸ್ಪಷ್ಟ. ಆದರೆ ಅವುಗಳ ಮೇಲಿನ ಆಗಸ ಮಾತ್ರ ಬರೀ ಬಿಳಿ ಹಾಳೆ. ಆ ಕಾಲದಲ್ಲಿ ಮೋಡಗಳೇ ಇರಲಿಲ್ಲವೆ? ಇದ್ದವು. ಕ್ಯಾಮೆರಾದೊಳಗಿನ ಫಲಕಕ್ಕೆ ಅವು ಕಾಣುತ್ತಿರಲಿಲ್ಲ, ಅಷ್ಟೆ.

1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕೊಲೋಡಿಯನ್ ವಿಧಾನ ಆ ಕಾಲದಲ್ಲಿ ಬಹುಕಾಲ ಬಳಕೆಯಲ್ಲಿತ್ತು. ಗಾಜಿನ ಫಲಕಕ್ಕೆ ಬಳಿದ ಆ ಲೇಪಕ್ಕೆ ನೀಲಿ, ನೇರಳೆ ಬೆಳಕು ಚೆನ್ನಾಗಿ ತಾಗುತ್ತಿತ್ತು. ಹಸಿರು, ಕೆಂಪುಗಳಿಗೆ ಅದು ಬಹುಮಟ್ಟಿಗೆ ಕುರುಡು. ಹೀಗಾಗಿ ನೀಲಿ ಬಾನು ಕೂಡ ಅದರ ಪಾಲಿಗೆ ಬಿಳಿ ಮೋಡದಂತೆಯೇ ಪ್ರಖರ. ನೆಲ ಮೂಡುವಷ್ಟು ಹೊತ್ತು ಬೆಳಕು ಬಿಟ್ಟರೆ, ಅಷ್ಟರಲ್ಲಿ ಮೋಡವೂ ಬಾನೂ ಒಂದೇ ಆಗಿಬಿಡುತ್ತಿದ್ದವು.

ಫ್ರಾನ್ಸಿನ ಗುಸ್ತಾವ್ ಲ ಗ್ರೇ ಇದಕ್ಕೊಂದು ಉಪಾಯ ಹುಡುಕಿದ. 1856-57ರ ಸುಮಾರಿಗೆ ಕಡಲತೀರಗಳಲ್ಲಿ ತೆಗೆದ ಚಿತ್ರಗಳಲ್ಲಿ ಕೆಲವಕ್ಕೆ ಆತ ಎರಡು ನೆಗೆಟಿವ್ ಬಳಸಿದ. ಆಗಸಕ್ಕೆ ಒಂದು, ನೀರಿಗೆ ಇನ್ನೊಂದು. ಎರಡನ್ನೂ ದಿಗಂತದ ಗೆರೆಯಲ್ಲಿ ಕೂಡಿಸಿ ಒಂದೇ ಕಾಗದದ ಮೇಲೆ ಮುದ್ರಿಸಿದ. ಅಬ್ಬರದ ಅಲೆಗಳ ಮೇಲೆ ಕವಿದ ಮೋಡಗಳನ್ನು ಕಂಡು ಜನ ಬೆರಗಾದರು. ಆದರೆ ಒಂದೇ ಆಗಸ ಆತನ ಬೇರೆ ಬೇರೆ ಕಡಲುಗಳ ಮೇಲೂ ಕಾಣಿಸಿಕೊಂಡಿದೆ! ಛಾಯಾಚಿತ್ರವನ್ನು ಚಂದಗೊಳಿಸುವುದೆಂದರೆ ಎಲ್ಲಿಯವರೆಗೆ ಎಂಬ ಪ್ರಶ್ನೆ ಅಂದೇ ಹುಟ್ಟಿಕೊಂಡಿತು.

ತೊಡಕಿನ ಬೇರಿಗೆ ಕೈಹಾಕಿದವನು ಬರ್ಲಿನ್ನಿನ ಹರ್ಮನ್ ವಿಲ್‌ಹೆಲ್ಮ್ ಫೋಗೆಲ್. ಲೇಪಕ್ಕೆ ಕೆಲವು ಬಣ್ಣದ್ರವ್ಯಗಳನ್ನು ಬೆರೆಸಿದರೆ ಅದು ಇತರ ಬಣ್ಣಗಳನ್ನೂ ಗ್ರಹಿಸಬಲ್ಲದು ಎಂದು 1873ರಲ್ಲಿ ಆತ ಕಂಡುಕೊಂಡ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಲಕಗಳು ಮಾರುಕಟ್ಟೆಗೆ ಬಂದವು. ಬಣ್ಣದ ಫಿಲ್ಟರ್‌ಗಳಿಗೆ ಬೆಲೆ ಬಂದದ್ದು ಆಗಲೇ.

ಇದರ ತತ್ತ್ವ ಸರಳ. ಕೆಂಪು ಗಾಜು ಕೆಂಪು ಬೆಳಕನ್ನು ಒಳಗೆ ಬಿಟ್ಟು ನೀಲಿಯನ್ನು ತಡೆಯುತ್ತದೆ. ಬಿಳಿ ಮೋಡದಿಂದ ಬರುವ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇರುವುದರಿಂದ ಮೋಡ ಬಿಳಿಯಾಗಿಯೇ ಉಳಿಯುತ್ತದೆ. ಅದರ ಹಿಂದಿನ ನೀಲಿ ಬಾನು ಕಪ್ಪಾಗುತ್ತದೆ. ಹಳದಿ ಫಿಲ್ಟರ್‌ನ ಪರಿಣಾಮ ಸೌಮ್ಯ, ಕಿತ್ತಳೆಯದು ಮಧ್ಯಮ, ಕಡುಗೆಂಪಿನದು ಉಗ್ರ. ಕಡುಗೆಂಪು ಬಳಸಿದರೆ ಸುಮಾರು ಎಂಟು ಪಟ್ಟು ಹೆಚ್ಚು ಬೆಳಕು ಕೊಡಬೇಕಾಗುತ್ತದೆ.

ಅಮೆರಿಕದ ಆನ್ಸೆಲ್ ಆ್ಯಡಮ್ಸ್ 1927ರಲ್ಲಿ ಯೊಸೆಮಿಟಿಯ ಹಾಫ್ ಡೋಮ್ ಬಂಡೆಯೆದುರು ನಿಂತಾಗ ಮೊದಲು ಹಳದಿ ಫಿಲ್ಟರ್ ಹಾಕಿ ಚಿತ್ರ ತೆಗೆದರು. ಬಂಡೆಯ ಗಾಂಭೀರ್ಯ ಅದರಲ್ಲಿ ಬರಲಾರದೆನಿಸಿತು. ಉಳಿದಿದ್ದ ಫಲಕಕ್ಕೆ ಕೆಂಪು ಫಿಲ್ಟರ್ ಬಳಸಿದರು. ಹೆಚ್ಚುಕಡಿಮೆ ಕಪ್ಪಾದ ಬಾನಿನೆದುರು ಎದ್ದುನಿಂತ ಆ ಬಂಡೆ ಅವರ ಹೆಸರನ್ನೂ ಎತ್ತರಿಸಿತು.

ಆದರೆ ಬಿರುಗಾಳಿ ಮಳೆಯ ದಿನ ಈ ಉಪಾಯ ನಡೆಯದು. ದಟ್ಟ ಮೋಡ ಬಾನನ್ನೆಲ್ಲ ಮುಚ್ಚಿದಾಗ ಕಪ್ಪಾಗಿಸಲು ನೀಲಿಯೇ ಇರುವುದಿಲ್ಲವಲ್ಲ! ನಮ್ಮ ಮುಂಗಾರಿನ ಆಗಸವನ್ನು ಸೆರೆಹಿಡಿಯಹೊರಟವರಿಗೆ ಇದು ಚೆನ್ನಾಗಿ ಗೊತ್ತು. ಕಣ್ಣಿಗೆ ರುದ್ರವಾಗಿ ಕಂಡದ್ದು ಚಿತ್ರದಲ್ಲಿ ಸಪ್ಪೆ ಬೂದು. ಇಂಥ ಆಗಸಕ್ಕೆ ಮೊದಲು ಬೇಕಾದದ್ದು ತಾಳ್ಮೆ. ಮಳೆ ಬರುವ ಮುನ್ನ ಅಥವಾ ಬಿಡುವ ಹೊತ್ತಿಗೆ, ಮೋಡ ಒಡೆದು ಒಂದೆಡೆ ಬೆಳಕು ಇಳಿಯುವ ಕ್ಷಣ ಸಿಕ್ಕಬೇಕು. ಉಳಿದದ್ದು ಡಾರ್ಕ್ ರೂಮಿನ ಕೆಲಸ.

ಅಲ್ಲಿ ಮುದ್ರಣದ ಕಾಗದಕ್ಕೆ ಹೆಚ್ಚು ಬೆಳಕು ಬಿದ್ದಷ್ಟೂ ಆ ಭಾಗ ಕಪ್ಪಾಗುತ್ತದೆ. ನೆಲದ ಭಾಗವನ್ನು ರಟ್ಟಿನಿಂದ ಮರೆಮಾಡಿ ಆಗಸಕ್ಕೆ ಇನ್ನಷ್ಟು ಸೆಕೆಂಡು ಬೆಳಕು ಬಿಟ್ಟರೆ ಮೋಡದ ಪದರಗಳು ಒಂದೊಂದಾಗಿ ಮೇಲೇಳುತ್ತವೆ. ರಟ್ಟನ್ನು ಮಾತ್ರ ಅಲ್ಲಾಡಿಸುತ್ತಲೇ ಇರಬೇಕು, ಇಲ್ಲವಾದರೆ ಗೆರೆ ಮೂಡಿ ಗುಟ್ಟು ರಟ್ಟಾಗುತ್ತದೆ. ಪಿಯಾನೊ ಕಲಿತಿದ್ದ ಆ್ಯಡಮ್ಸ್ ನೆಗೆಟಿವ್ ಅನ್ನು ಸಂಗೀತದ ಸ್ವರಲಿಪಿಗೂ ಮುದ್ರಣವನ್ನು ಅದರ ವಾದನಕ್ಕೂ ಹೋಲಿಸುತ್ತಿದ್ದರು. 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡಿಸ್ ಹಳ್ಳಿಯ ಮೇಲೆ ಚಂದ್ರ ಮೂಡುವುದನ್ನು ತೆಗೆದ ಅವರ ಚಿತ್ರದ ಮೊದಲ ಪ್ರತಿಗಳಲ್ಲಿ ಬಾನು ಬೂದು, ತೆಳು ಮೋಡಗಳೂ ಕಾಣುತ್ತವೆ. ವರ್ಷಗಳು ಕಳೆದಂತೆ ಅದೇ ನೆಗೆಟಿವ್‌ನಿಂದ ಅವರು ಮುದ್ರಿಸಿದ ಬಾನು ಕಪ್ಪಾಗುತ್ತಲೇ ಹೋಯಿತು.

ಇಂದು ಡಾರ್ಕ್ ರೂಮಿನ ಜಾಗದಲ್ಲಿ ಕಂಪ್ಯೂಟರ್ ಕುಳಿತಿದೆ. ಬಣ್ಣದಲ್ಲಿ ತೆಗೆದ ಚಿತ್ರವನ್ನು ಕಪ್ಪು-ಬಿಳುಪಿಗೆ ತಿರುಗಿಸುವಾಗ ನೀಲಿಯ ಪಾಲನ್ನು ತಗ್ಗಿಸಿದರೆ ಕೆಂಪು ಫಿಲ್ಟರ್ ಹಾಕಿದಂತೆಯೇ. ಆಗಸವನ್ನಷ್ಟೇ ಆಯ್ದು ಕಪ್ಪಾಗಿಸುವುದು ರಟ್ಟಿನ ಕೆಲಸಕ್ಕೆ ಸಮ. ಅತಿ ಮಾಡಿದರೆ ಬೆಟ್ಟದ ಅಂಚಿಗೆ ಬಿಳಿಯ ಪ್ರಭಾವಳಿ ಮೂಡುತ್ತದೆ, ಬಾನಿಗೆ ಮರಳು ಎರಚಿದಂತಾಗುತ್ತದೆ. ಮೋಡದ ಅತಿ ಬೆಳ್ಳಗಿನ ಭಾಗ ತೆಗೆಯುವಾಗಲೇ ವಿವರ ಕಳೆದುಕೊಂಡಿದ್ದರೆ ಯಾವ ತಂತ್ರವೂ ಅದನ್ನು ಮರಳಿ ತಾರದು. ಆದ್ದರಿಂದ ಡಿಜಿಟಲ್ ಕ್ಯಾಮೆರಾದಲ್ಲಿ ಬೆಳಕನ್ನು ಅಳೆಯಬೇಕಾದ್ದು ಮೋಡ ನೋಡಿ.

ಇಷ್ಟಕ್ಕೇ ನಿಲ್ಲುವುದಿಲ್ಲ. ಇಡೀ ಆಗಸವನ್ನೇ ಬದಲಿಸುವ ಸೌಲಭ್ಯ 2020ರಲ್ಲಿ ಫೋಟೊಶಾಪ್‌ನಲ್ಲೂ ಸೇರಿತು. ಲ ಗ್ರೇ ದಿನಗಟ್ಟಲೆ ಬೆವರು ಸುರಿಸಿದ್ದು ಈಗ ಕ್ಷಣದ ಕೆಲಸ. ಕಲಾಪ್ರದರ್ಶನದಲ್ಲಿ ಇದನ್ನು ಕಲ್ಪನೆಯೆಂದು ಒಪ್ಪಬಹುದು. ಆದರೆ ಚಂಡಮಾರುತಕ್ಕೆ ಸಿಕ್ಕ ಊರಿನ ಸುದ್ದಿಚಿತ್ರಕ್ಕೆ ಇಲ್ಲದ ಕಾರ್ಮೋಡ ಅಂಟಿಸಿದರೆ ಅದು ಸುಳ್ಳು ಸುದ್ದಿಯೇ. ಇದ್ದ ಮೋಡವನ್ನು ಕಾಣಿಸುವುದು ಬೇರೆ, ಇಲ್ಲದ ಮೋಡವನ್ನು ತರುವುದು ಬೇರೆ. ಕಪ್ಪು-ಬಿಳುಪಿನ ಚಿತ್ರ ಬಣ್ಣವನ್ನು ಕಳಚಿಕೊಂಡಾಗಲೇ ಕಣ್ಣು ಕಂಡದ್ದರಿಂದ ದೂರ ಸರಿದಿರುತ್ತದೆ, ನಿಜ. ಆದರೂ ಆ ದಿನ ಆ ನೆಲದ ಮೇಲೆ ಆ ಆಗಸವೇ ಕವಿದಿತ್ತು ಎಂಬ ನಂಬಿಕೆಯೊಂದು ನೋಡುಗನಲ್ಲಿ ಇರುತ್ತದೆ. ಅದನ್ನು ಉಳಿಸುವ ಹೊಣೆ ಚಿತ್ರ ತೆಗೆದವನದು.