ಹಾಡುಗಾರರನ್ನು ಗುರುವೆಂದ ವಿಶ್ವವಿದ್ಯಾಲಯ

ಹಂಪಿಗೆ ಬರುವ ಪ್ರವಾಸಿಗರು ವಿರೂಪಾಕ್ಷನ ಗುಡಿ, ಕಲ್ಲಿನ ರಥ, ಕಮಲ ಮಹಲು ನೋಡಿಕೊಂಡು ಹೊಸಪೇಟೆಯ ಬಸ್ಸು ಹಿಡಿಯುತ್ತಾರೆ. ಕಮಲಾಪುರದ ಆಚೆ, ಕುರುಚಲು ಕಾಡು ಮತ್ತು ಗುಂಡುಬಂಡೆಗಳ ನಡುವೆ ಸುಮಾರು 700 ಎಕರೆಯಲ್ಲಿ ಹರಡಿಕೊಂಡಿರುವ ‘ವಿದ್ಯಾರಣ್ಯ’ದ ಕಡೆಗೆ ತಿರುಗುವವರು ಕಡಿಮೆ. ಕನ್ನಡ ವಿಶ್ವವಿದ್ಯಾಲಯ ಇರುವುದು ಅಲ್ಲಿ. ಇಲ್ಲಿನ ಕಟ್ಟಡಗಳಿಗೆ ಎ ಬ್ಲಾಕ್, ಬಿ ಬ್ಲಾಕ್ ಎಂಬ ಹೆಸರುಗಳಿಲ್ಲ. ಆಡಳಿತ ನಡೆಯುವ ಕಟ್ಟಡ ‘ಕ್ರಿಯಾಶಕ್ತಿ’, ಪುಸ್ತಕ ಭಂಡಾರ ‘ಅಕ್ಷರ’, ಬಯಲು ರಂಗಮಂದಿರ ‘ನವರಂಗ’, ಜಾನಪದ ಮತ್ತು ಬುಡಕಟ್ಟು ಬದುಕಿನ ಅಧ್ಯಯನದ ನೆಲೆ ‘ಗಿರಿಸೀಮೆ’.

ಬಿ.ಎ., ಬಿ.ಎಸ್ಸಿ. ಓದಲೆಂದು ಇಲ್ಲಿಗೆ ಯಾರೂ ಬರುವುದಿಲ್ಲ. ನೂರಾರು ಕಾಲೇಜುಗಳ ಪರೀಕ್ಷೆ ನಡೆಸಿ ಅಂಕಪಟ್ಟಿ ಹಂಚುವ ಹೊಣೆಯೂ ಇದಕ್ಕಿಲ್ಲ. ಈ ಸೀಮೆಯ ಕಾಲೇಜುಗಳಿಗೆ 2010ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದಿಂದ ಬೇರೆಯಾದ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವಿದೆ. ಹಂಪಿಯದು ಮೊದಲಿನಿಂದಲೂ ಸಂಶೋಧನೆಯನ್ನೇ ಮುಖ್ಯ ಕಸುಬಾಗಿ ಮಾಡಿಕೊಂಡ ಸಂಸ್ಥೆ.

ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ. ಅವುಗಳ ಮುಂದೆ ಇದು ಎಳೆಯದು. ನೆರೆಯವರು ನಮಗಿಂತ ಮೊದಲೇ ತಮ್ಮ ನುಡಿಗೊಂದು ವಿಶ್ವವಿದ್ಯಾಲಯ ಕಟ್ಟಿಕೊಂಡಿದ್ದರು: ತಂಜಾವೂರಿನಲ್ಲಿ 1981ರಲ್ಲಿ ತಮಿಳಿಗೆ, ಹೈದರಾಬಾದಿನಲ್ಲಿ 1985ರಲ್ಲಿ ತೆಲುಗಿಗೆ. ಇತ್ತ ಗೋಕಾಕ್ ಚಳವಳಿ ಕನ್ನಡದ ಸ್ಥಾನಮಾನದ ಪ್ರಶ್ನೆಯನ್ನು ಬೀದಿಗೆ ತಂದು ದಶಕ ಕಳೆಯುತ್ತಿತ್ತು. ಎಸ್. ಬಂಗಾರಪ್ಪ ಮುಖ್ಯಮಂತ್ರಿಯಾಗಿದ್ದಾಗ, 1991ರಲ್ಲಿ, ಕನ್ನಡ ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂತು. ಮೊದಲ ಕುಲಪತಿ ಚಂದ್ರಶೇಖರ ಕಂಬಾರ.

ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ ಬಯಲಾಟ ನೋಡುತ್ತ ಬೆಳೆದ ಕವಿ, ನಾಟಕಕಾರ ಕಂಬಾರರು. ಕಟ್ಟಡಗಳು ಏಳುವ ಮೊದಲೇ, ಹಂಪಿಯ ಹಳೆಯ ಮಂಟಪಗಳಲ್ಲಿ ಅವರು ಕೆಲಸಕ್ಕೆ ಕೈಹಾಕಿದರು. ಸಂಸ್ಥೆಯನ್ನು ಅಧ್ಯಯನಾಂಗ, ಪ್ರಸಾರಾಂಗ, ಆಡಳಿತಾಂಗ ಎಂದು ಮೂರಾಗಿ ಕಟ್ಟಲಾಯಿತು. ಸಾಹಿತ್ಯ, ಶಾಸನ, ಹಸ್ತಪ್ರತಿಗಳ ಜತೆಯಲ್ಲೇ ಜಾನಪದ, ಬುಡಕಟ್ಟು, ಮಹಿಳಾ ಅಧ್ಯಯನ, ಅಭಿವೃದ್ಧಿ ಅಧ್ಯಯನ, ಭಾಷಾಂತರ, ಸಂಗೀತ, ದೃಶ್ಯಕಲೆಗಳಿಗೂ ವಿಭಾಗಗಳು ಬಂದವು. ಓದುಬರಹ ಬಲ್ಲವರ ಕನ್ನಡಕ್ಕಷ್ಟೇ ಈ ಅಂಗಳ ಮೀಸಲಾಗಬಾರದು ಎಂಬ ತೀರ್ಮಾನ ಈ ಪಟ್ಟಿಯಲ್ಲೇ ಕಾಣುತ್ತದೆ.

ಆ ತೀರ್ಮಾನ ಕೆಲಸವಾಗಿ ಹೇಗೆ ನಡೆಯಿತು ಎಂದು ತಿಳಿಯಲು ದರೋಜಿಗೆ ಹೋಗಬೇಕು. ವಿದ್ಯಾರಣ್ಯಕ್ಕೆ ಹತ್ತಿರದ, ಇಂದು ಕರಡಿಧಾಮಕ್ಕೆ ಹೆಸರಾದ ಈ ಊರಲ್ಲಿ ಬುಡ್ಗ ಜಂಗಮ ಸಮುದಾಯದ ಈರಮ್ಮ ಇದ್ದರು. ಅಕ್ಷರ ಕಲಿತವರಲ್ಲ. ಆದರೆ ಬುರ್ರಕಥೆಗೆ ಕೂತರೆ ರಾತ್ರಿಗಳು ಸಾಲುತ್ತಿರಲಿಲ್ಲ. ತಂಬೂರಿ ಮೀಟುತ್ತ ಮುಖ್ಯ ಕಥೆಗಾರ್ತಿ ಕಥೆ ಎತ್ತುತ್ತಾಳೆ, ಚರ್ಮವಾದ್ಯ ನುಡಿಸುವ ಹಿಮ್ಮೇಳದವರು ಸೊಲ್ಲು ಹಿಡಿದು ಮುಂದಕ್ಕೆ ತಳ್ಳುತ್ತಾರೆ. ಹಾಡು, ನಡುವೆ ಮಾತು, ಮತ್ತೆ ಹಾಡು. ಈರಮ್ಮನವರ ನಾಲಗೆಯ ಮೇಲೆ ಹನ್ನೆರಡು ಕಾವ್ಯಗಳಿದ್ದವು. ಅದರಲ್ಲಿ ಕುಮಾರರಾಮನ ಕಥೆಯೂ ಒಂದು. 14ನೇ ಶತಮಾನದಲ್ಲಿ ದೆಹಲಿಯ ಸೈನ್ಯವನ್ನು ಎದುರಿಸಿ ಮಡಿದ ಈ ರಾಜಕುಮಾರನ ಕುಮ್ಮಟದುರ್ಗ ಹೊಳೆಯಾಚೆ, ಗಂಗಾವತಿ ಸೀಮೆಯಲ್ಲೇ ಇದೆ. ಆ ನೆಲದ ವೀರನ ಕಥೆಯನ್ನು ಅದೇ ನೆಲದ ಹೆಣ್ಣುಮಗಳು ತಲೆಮಾರುಗಳಿಂದ ಬಂದ ಮಟ್ಟಿನಲ್ಲಿ ಹಾಡಿದರು. ಅವರ ಕಾವ್ಯಗಳು ಧ್ವನಿಮುದ್ರಣಗೊಂಡು, ಬರಹಕ್ಕಿಳಿದು ಪುಸ್ತಕಗಳಾದವು. ಹಾಡಿನ ಪುನರುಕ್ತಿಯನ್ನು ಉಳಿಸಿಕೊಳ್ಳಬೇಕೇ, ಆಡುನುಡಿಯ ಉಚ್ಚಾರವನ್ನು ಹಾಗೆಯೇ ಬರೆಯಬೇಕೇ, ಹಿಮ್ಮೇಳದ ಸೊಲ್ಲನ್ನು ಎಲ್ಲಿ ಸೇರಿಸಬೇಕು ಎಂಬ ಪ್ರಶ್ನೆಗಳು ಸಾಲುಸಾಲಿಗೂ ಎದುರಾಗುವ ಕೆಲಸ ಅದು. 2014ರಲ್ಲಿ ಈರಮ್ಮ ತೀರಿಕೊಂಡಾಗ ಅವರ ಹೆಸರಿನ ಹಿಂದೆ ಈ ವಿಶ್ವವಿದ್ಯಾಲಯ ನೀಡಿದ ‘ನಾಡೋಜ’, ಅಂದರೆ ನಾಡಿನ ಗುರು, ಎಂಬ ಗೌರವವಿತ್ತು.

1990ರ ದಶಕದ ಕೊನೆಯ ಹೊತ್ತಿಗೆ ಇಂಥ ಮೌಖಿಕ ಮಹಾಕಾವ್ಯಗಳ ದಪ್ಪ ಸಂಪುಟಗಳು ಹಂಪಿಯಿಂದ ಹೊರಬಿದ್ದವು. ನೀಲಗಾರರು ಹಾಡುವ ಮಂಟೇಸ್ವಾಮಿ, ಕಂಸಾಳೆಯವರ ಮಲೆಮಾದೇಶ್ವರ, ಕಾಡುಗೊಲ್ಲರು ಉದ್ದನೆಯ ಗಣೆ ಊದಿ ಹಾಡುವ ಜುಂಜಪ್ಪ. ಹಿ.ಚಿ. ಬೋರಲಿಂಗಯ್ಯ, ಕೆ. ಕೇಶವನ್ ಪ್ರಸಾದ್, ಚಲುವರಾಜು ಅವರಂಥ ವಿದ್ವಾಂಸರು ಹಟ್ಟಿಗಳಲ್ಲಿ, ಗುಡಿಯಂಗಳಗಳಲ್ಲಿ ಕೂತು ಮಾಡಿದ ದುಡಿಮೆ ಇದು. ಕನ್ನಡದ ಮಹಾಕಾವ್ಯ ಎಂದರೆ ಪಂಪ, ರನ್ನ, ಕುಮಾರವ್ಯಾಸ ಎಂದು ಎಣಿಸುತ್ತಿದ್ದ ತರಗತಿಗಳು ಈ ಸಂಪುಟಗಳ ನಂತರ ಎಣಿಕೆಯನ್ನು ಬದಲಿಸಬೇಕಾಯಿತು.

ಮೌಖಿಕ ಲೋಕದ ಜತೆಗೆ ಗರಿಯ ಲೋಕವೂ ಇದೆ. ಮಠಗಳ ಅಟ್ಟದಲ್ಲಿ, ಹಳೆಯ ಮನೆಗಳ ದೇವರ ಕೋಣೆಯಲ್ಲಿ ಬಟ್ಟೆ ಸುತ್ತಿಟ್ಟ ತಾಳೆಗರಿಯ ಕಟ್ಟುಗಳನ್ನು ಹಸ್ತಪ್ರತಿಶಾಸ್ತ್ರ ವಿಭಾಗ ಹುಡುಕಿ ತರುತ್ತದೆ. ಬಂದ ಕಟ್ಟನ್ನು ಒಮ್ಮೆಲೇ ಬಿಚ್ಚುವಂತಿಲ್ಲ, ಒಣಗಿದ ಗರಿ ಮುಟ್ಟಿದರೆ ಮುರಿಯುತ್ತದೆ. ಮೆಲ್ಲಗೆ ದೂಳು ಒರೆಸಿ, ಗರಿಗಳನ್ನು ಒಂದೊಂದಾಗಿ ಬಿಡಿಸಿ, ನಿಂಬೆಹುಲ್ಲಿನ ಎಣ್ಣೆ ಸವರಿ ಹದಕ್ಕೆ ತರಬೇಕು. ‘ಕಂಠ’ವೆಂಬ ಮೊನಚು ಲೇಖನಿಯಿಂದ ಕೊರೆದ ಅಕ್ಷರಕ್ಕೆ ಬಣ್ಣವಿರುವುದಿಲ್ಲ. ಗರಿಯ ಮೇಲೆ ಕಾಡಿಗೆಯ ಮಸಿ ತಿಕ್ಕಿ ಒರೆಸಿದಾಗ ಕೊರೆದ ಗೆರೆಯೊಳಗೆ ಕಪ್ಪು ಉಳಿದು ಸಾಲು ಎದ್ದು ಕಾಣುತ್ತದೆ. ಓದು ಶುರುವಾಗುವುದು ಇಷ್ಟೆಲ್ಲ ಆದ ಮೇಲೆ. ಈ ವಿದ್ಯೆ ಕ್ಯಾಂಪಸ್ಸಿನಲ್ಲೇ ಉಳಿಯದಿರಲಿ ಎಂದು ಬೇರೆ ಬೇರೆ ಊರುಗಳಲ್ಲಿ ಹಸ್ತಪ್ರತಿ ಸಮ್ಮೇಳನಗಳೂ ನಡೆದಿವೆ. ಶಾಸನದ ಮಂದಿ ಹಳ್ಳಿಹಳ್ಳಿ ತಿರುಗಿ ಬಳ್ಳಾರಿ, ಕೊಪ್ಪಳ ಜಿಲ್ಲೆಗಳ ಶಾಸನ ಸಂಪುಟಗಳನ್ನು ತಂದಿದ್ದಾರೆ.

ಪಾಠ, ಚರ್ಚೆ, ಪ್ರಬಂಧ ಎಲ್ಲವೂ ಕನ್ನಡದಲ್ಲೇ. ಚರಿತ್ರೆ, ಪುರಾತತ್ತ್ವ, ಅಭಿವೃದ್ಧಿ ಅಧ್ಯಯನಗಳಲ್ಲೂ ಪಿಎಚ್.ಡಿ. ಬರೆಯುವವರು ಪರಿಭಾಷೆಯನ್ನು ಕನ್ನಡದಲ್ಲೇ ರೂಢಿಸಿಕೊಳ್ಳಬೇಕು. ಡಿ.ಲಿಟ್. ಕೂಡ ಪ್ರಬಂಧ ಬರೆದೇ ಗಳಿಸಬೇಕಾದ ಪದವಿ. ಮುಂದೆ ಎಂ.ಎ.ಯಿಂದ ನೇರ ಪಿಎಚ್.ಡಿ.ಗೆ ಸಾಗುವ ಸಂಯೋಜಿತ ಕೋರ್ಸೂ ಬಂತು. ಮನೆತನದಲ್ಲಿ ಮೊದಲ ಬಾರಿಗೆ ಪದವಿ ಕಂಡ ಹುಡುಗ ಹುಡುಗಿಯರು ಇಲ್ಲಿ ಬಂದು ತಮ್ಮ ಊರಿನ ಜಾತ್ರೆ, ತಮ್ಮವರ ಕಸುಬು, ತಮ್ಮ ಸಮುದಾಯದ ಹಾಡುಗಳನ್ನೇ ಸಂಶೋಧನೆಯ ವಸ್ತುವಾಗಿ ಎತ್ತಿಕೊಂಡಿದ್ದಾರೆ. ಅಜ್ಜಿ ಹಾಡುತ್ತಿದ್ದ ಪದಕ್ಕೆ ಅಡಿಟಿಪ್ಪಣಿ ಬರೆಯುವ ಅವಕಾಶ ಅವರಿಗೆ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ.

ಅಧ್ಯಾಪಕರೂ ಅದೇ ದಾರಿ ತುಳಿದವರು. ಸೂಫಿಗಳು, ನಾಥಪಂಥ, ಶಾಕ್ತಪಂಥ, ಮೊಹರಂ ಪದಗಳ ಬೆನ್ನುಹತ್ತಿ ನಾಡು ತಿರುಗಿದ ರಹಮತ್ ತರೀಕೆರೆ ಅವರಿಗೆ ‘ಕತ್ತಿಯಂಚಿನ ದಾರಿ’ ಕೃತಿಗಾಗಿ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಲ್ಲೇ ಭಾಷೆಯ ಬಗ್ಗೆ ಹೊಸದಾಗಿ ಯೋಚಿಸಲು ಕಲಿಸಿದ ಕೆ.ವಿ. ನಾರಾಯಣ ಅವರ ‘ನುಡಿಗಳ ಅಳಿವು’ 2024ರ ಅಕಾಡೆಮಿ ಪ್ರಶಸ್ತಿ ಪಡೆಯಿತು. ಕುಲಪತಿಗಳ ಸಾಲಿನಲ್ಲಿ ಎಂ.ಎಂ. ಕಲಬುರ್ಗಿ, ಬಿ.ಎ. ವಿವೇಕ ರೈ, ಮಲ್ಲಿಕಾ ಘಂಟಿ ಅವರಂಥ ವಿದ್ವಾಂಸರಿದ್ದಾರೆ.

ಘಟಿಕೋತ್ಸವವನ್ನು ಇಲ್ಲಿ ‘ನುಡಿಹಬ್ಬ’ ಎನ್ನುತ್ತಾರೆ. ಅಂದು ನೀಡುವ ನಾಡೋಜ ಪದವಿ 1995ರಲ್ಲಿ ಆರಂಭವಾಯಿತು. ಸಾಹಿತಿಗಳ ಸಾಲಿನಲ್ಲೇ ಹಾಲಕ್ಕಿ ಹಾಡುಗಳ ಸುಕ್ರಿ ಬೊಮ್ಮಗೌಡ, ಚಳ್ಳಕೆರೆ ಸೀಮೆಯ ಗೊಲ್ಲರಹಟ್ಟಿಯ ಸಿರಿಯಜ್ಜಿ, ತೊಗಲುಗೊಂಬೆಯಾಟದ ಬೆಳಗಲ್ಲು ವೀರಣ್ಣ, ಸಾಲುಮರದ ತಿಮ್ಮಕ್ಕ ಅವರೂ ನಾಡೋಜರು.

ವಿಶ್ವವಿದ್ಯಾಲಯ ಹಂಪಿಗಷ್ಟೇ ಸೀಮಿತವಾಗಿಲ್ಲ. ಕುಪ್ಪಳಿಯಲ್ಲಿ ಕುವೆಂಪು ಸಾಹಿತ್ಯದ ಅಧ್ಯಯನ ಕೇಂದ್ರವಿದೆ, ಬಾದಾಮಿಯಲ್ಲಿ ಶಿಲ್ಪಕಲೆ ಕಲಿಸಲಾಗುತ್ತದೆ. ಪ್ರಸಾರಾಂಗ ಸಾವಿರಕ್ಕೂ ಹೆಚ್ಚು ಪುಸ್ತಕಗಳನ್ನು ತಂದಿದೆ. ಸಾಹಿತ್ಯ ಸಮ್ಮೇಳನಗಳಲ್ಲಿ ಅದರ ಮಳಿಗೆಯ ಮುಂದೆ ಕಾಲೇಜು ಮೇಷ್ಟ್ರುಗಳು ಪಟ್ಟಿ ಹಿಡಿದು ನಿಲ್ಲುತ್ತಾರೆ, ಏಕೆಂದರೆ ಇಲ್ಲಿನ ಎಷ್ಟೋ ಸಂಪುಟಗಳನ್ನು ಲಾಭ ನೋಡುವ ಪ್ರಕಾಶಕರು ಅಚ್ಚು ಹಾಕಲಾರರು.

ಈ ಸಾಧನೆಯ ಎದುರಿಗೆ ಇಂದಿನ ಸ್ಥಿತಿ ನೋವು ತರುತ್ತದೆ. ಕಾಲೇಜುಗಳಿಲ್ಲದ ಕಾರಣ ಪರೀಕ್ಷಾ ಶುಲ್ಕದ ವರಮಾನವಿಲ್ಲ. ಸರ್ಕಾರದ ಅನುದಾನವೇ ಆಧಾರ. ಕೆಲವು ವರ್ಷಗಳಿಂದ ಅದು ತೀರ ತಗ್ಗಿದೆ. ಫೆಲೋಶಿಪ್ ಬಾಕಿಗಾಗಿ ಸಂಶೋಧನಾ ವಿದ್ಯಾರ್ಥಿಗಳು ಧರಣಿ ಕೂರಬೇಕಾಯಿತು, ಅನುದಾನಕ್ಕಾಗಿ ಸಾಹಿತಿಗಳೂ ಓದುಗರೂ ದನಿಯೆತ್ತಿದರು. ಅನುಭವಿ ಅಧ್ಯಾಪಕರು ನಿವೃತ್ತರಾದಂತೆ ಹುದ್ದೆಗಳು ಖಾಲಿ ಉಳಿಯುತ್ತಿವೆ. ಶಾಸನ ಓದುವ, ಗರಿ ಬಿಡಿಸುವ ವಿದ್ಯೆ ಹಿರಿಯರ ಪಕ್ಕದಲ್ಲಿ ಕೂತು ವರ್ಷಗಟ್ಟಲೆ ಕಲಿಯುವಂಥದು. ನಡುವೆ ಒಂದು ತಲೆಮಾರಿನ ನೇಮಕಾತಿ ತಪ್ಪಿದರೆ ಅದನ್ನು ಕಲಿಸುವವರೇ ಇರುವುದಿಲ್ಲ.

ಎಷ್ಟು ವಿದ್ಯಾರ್ಥಿಗಳು, ಎಷ್ಟು ಆದಾಯ ಎಂಬ ಲೆಕ್ಕದಿಂದ ಈ ಸಂಸ್ಥೆಯನ್ನು ಅಳೆಯಲು ಹೊರಟರೆ ಅದು ಯಾವಾಗಲೂ ಹಿಂದೆಯೇ ಕಾಣುತ್ತದೆ. ಅದು ಹುಟ್ಟಿದ್ದೇ ಬೇರೆ ಕೆಲಸಕ್ಕೆ. ಖಾಲಿ ಹುದ್ದೆಗಳ ಭರ್ತಿ, ಸಂಶೋಧನಾರ್ಥಿಗಳಿಗೆ ತಿಂಗಳು ತಿಂಗಳು ಸಲ್ಲುವ ಫೆಲೋಶಿಪ್, ಈ ಮೂರು ದಶಕಗಳಲ್ಲಿ ಸಂಗ್ರಹವಾದ ಧ್ವನಿಮುದ್ರಣ ಮತ್ತು ತಾಳೆಗರಿಗಳ ಡಿಜಿಟಲ್ ಪ್ರತಿ: ಈ ಮೂರಕ್ಕೆ ಬೇಕಾದ ಹಣ ರಾಜ್ಯದ ಬಜೆಟ್ಟಿನಲ್ಲಿ ದೊಡ್ಡ ಮೊತ್ತವೇನೂ ಆಗಲಾರದು. ಪ್ರತಿ ನವೆಂಬರಿನಲ್ಲಿ ರಾಜ್ಯೋತ್ಸವದ ವೇದಿಕೆ ಏರುವವರು ಮಾರ್ಚಿನ ಬಜೆಟ್ಟಿನಲ್ಲಿ ಅದನ್ನು ಬರೆದುಕೊಡಬೇಕು.