ಬೆಳಗ್ಗೆ ಹತ್ತಕ್ಕೆ ಬಂದ ಫೋನ್

2020ರ ಮಾರ್ಚ್‌ನಲ್ಲಿ ನಾನು ಎಸ್ಸೆಸ್ಸೆಲ್ಸಿ. 27ಕ್ಕೆ ಶುರುವಾಗಬೇಕಿದ್ದ ಪರೀಕ್ಷೆ ಮುಂದಕ್ಕೆ ಹೋಯಿತು ಎಂದಾಗ, ನಿಜ ಹೇಳಬೇಕೆಂದರೆ, ಖುಷಿಯೇ ಆಗಿತ್ತು. ಐದಕ್ಕೆ ಎದ್ದು ಓದುವ ಕಾಟ ತಪ್ಪಿತಲ್ಲ! ಮೊದಲ ವಾರ ದಿನಾ ಹತ್ತು ತಾಸು ನಿದ್ದೆ ಹೊಡೆದೆ. ತಿಂಗಳು ಕಳೆಯುವಷ್ಟರಲ್ಲಿ ಹತ್ತು ತಾಸೇ, ಆದರೆ ಬೆಳಗಿನ ನಾಲ್ಕರಿಂದ ಮಧ್ಯಾಹ್ನ ಎರಡರವರೆಗೆ! 'ಏಳೋ, ಹೊತ್ತು ನೆತ್ತಿ ಮ್ಯಾಲ ಬಂದೈತಿ' ಎಂದು ಅವ್ವ ಚಾದರ ಎಳೆಯುತ್ತಿದ್ದಳು. ಅವಳ ಪ್ರಕಾರ ಅದು ಬರೀ ಸೋಮಾರಿತನ.

ಪೂರ್ತಿ ಹಾಗಲ್ಲ. ಹದಿಹರೆಯದಲ್ಲಿ ನಿದ್ದೆಗೆ ಸಜ್ಜು ಮಾಡುವ ಮೆಲಟೋನಿನ್ ಹಾರ್ಮೋನ್ ರಾತ್ರಿ ತಡವಾಗಿಯೇ ಏರುತ್ತದೆ. ಲಾಕ್‌ಡೌನ್‌ನಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪ್ರಾಂತ್ಯದ ಹೈಸ್ಕೂಲ್ ಮಕ್ಕಳು ಪಾಠವಿದ್ದ ದಿನಗಳಲ್ಲೂ 75 ನಿಮಿಷ ಹೆಚ್ಚು ಮಲಗಿದ್ದರು ಎಂದು ಅಲ್ಲಿನ ಸಂಶೋಧಕರು ಕಂಡುಕೊಂಡಿದ್ದಾರೆ. ಆದರೆ ಹಗಲು ಬಿಸಿಲು ಕಾಣದೆ, ರಾತ್ರಿ ಮೊಬೈಲ್ ಬೆಳಕಿಗೆ ಮುಖವೊಡ್ಡಿ ಕೂತರೆ ನಿದ್ದೆಯ ವೇಳೆ ಇನ್ನೂ ಮುಂದಕ್ಕೆ ಹೋಗುತ್ತದೆ. ನನ್ನದು ಹೋಗಿದ್ದು ಹಾಗೆ.

ನಮ್ಮದು ನೆಹರು ನಗರ. ರಸ್ತೆಗಳೆಲ್ಲ ಸುಮ್ಮನಾಗಿದ್ದ ಆ ರಾತ್ರಿಗಳಲ್ಲಿ ಕೆಎಲ್‌ಇ ಆಸ್ಪತ್ರೆಯತ್ತ ಹೋಗುವ ಆಂಬುಲೆನ್ಸ್ ಸದ್ದು ಎದೆಗೇ ಬಡಿಯುತ್ತಿತ್ತು. ಮೊಬೈಲ್ ತೆಗೆದರೆ ಗೆಳೆಯರೆಲ್ಲ ಎಚ್ಚರ. ಹಗಲೆಲ್ಲ ಮನೆಮಂದಿ ಸುತ್ತಲೇ ಇರುತ್ತಿದ್ದರಿಂದ ನಮ್ಮ ಮಾತಿಗೆ ಜಾಗ ಸಿಗುತ್ತಿದ್ದುದೇ ನಡುರಾತ್ರಿ. ಪಬ್‌ಜಿ, ಮೀಮ್ಸು, ಯಾರಿಗೆ ಯಾರ ಮೇಲೆ ಮನಸ್ಸು... ಶಾಲೆಯ ಮೈದಾನವೇ ವಾಟ್ಸ್‌ಆ್ಯಪ್‌ಗೆ ಬಂದಂತಿತ್ತು.

ಅಲ್ಲಿ ಇಲ್ಲದವನು ನನ್ನ ಬೆಂಚಿನ ಗೆಳೆಯ. ಖಾನಾಪುರ ತಾಲ್ಲೂಕಿನ ಕಾಡಂಚಿನ ಹಳ್ಳಿಯವನು. ಹಾಸ್ಟೆಲ್ ಮುಚ್ಚಿದ ದಿನವೇ ಟ್ರಂಕ್ ಹೊತ್ತು ಊರಿಗೆ ಹೋಗಿದ್ದ. ಮನೆಯಲ್ಲಿದ್ದುದು ಅಪ್ಪನ ಬಟನ್ ಫೋನ್. ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕು. ದನ ಹೊಡೆದುಕೊಂಡು ಹೋದಾಗ ಬೆಳಗ್ಗೆ ಹತ್ತರ ಸುಮಾರಿಗೆ ಅಲ್ಲಿಂದ ಫೋನ್ ಮಾಡುತ್ತಿದ್ದ. 'ಇನ್ನಾ ಮಲಗ್ಯಾನಪಾ' ಎನ್ನುತ್ತಿದ್ದಳು ಅವ್ವ. ಹೀಗೆ ಮೂರು ಸಲ. ನಾನು ಏಳುವ ಹೊತ್ತಿಗೆ ಅವನು ಗುಡ್ಡ ಇಳಿದಿರುತ್ತಿದ್ದ. 'ಸ್ವಿಚ್ ಆಫ್ ಬರ್ತೈತಿ' ಎಂದುಕೊಂಡು ನಾನೂ ಸುಮ್ಮನಾದೆ. ಒಂದು ದಿನ, ಒಂದೇ ದಿನ, ಅಲಾರಂ ಇಟ್ಟು ಏಳಬಹುದಿತ್ತು.

ಜೂನ್ 25ಕ್ಕೆ ಮಾಸ್ಕ್ ಹಾಕಿಕೊಂಡು, ಹಣೆಗೆ ಥರ್ಮಲ್ ಗನ್ ಹಿಡಿಸಿಕೊಂಡು ಪರೀಕ್ಷೆಗೆ ಹೋದಾಗ ಅವನನ್ನೇ ಹುಡುಕಿದೆ. ಹಾಸ್ಟೆಲ್ ಮಕ್ಕಳಿಗೆ ಊರ ಸಮೀಪದ ಕೇಂದ್ರದಲ್ಲೇ ಬರೆಯಲು ಅವಕಾಶವಿತ್ತು. ಅವನು ಅಲ್ಲೇ ಬರೆದಿದ್ದ. ಪಾಸೂ ಆದ. ಪಿಯುಸಿ ಆನ್‌ಲೈನ್ ಪಾಠಕ್ಕೆ ಫೋನ್ ಎಲ್ಲಿಂದ ತರಬೇಕು? 2021ರ ಫೆಬ್ರುವರಿಯಲ್ಲಿ ನಾವು ಕಾಲೇಜಿನ ಮೆಟ್ಟಿಲು ಹತ್ತುವಾಗ ಅವನು ಗೋವಾದಲ್ಲಿ ಕೆಲಸಕ್ಕೆ ಸೇರಿಯಾಗಿತ್ತು.

ಈಗ ಬಿಇ. ರಾತ್ರಿ ಒಂದಕ್ಕೆ ಮೊದಲು ನಿದ್ದೆ ಇವತ್ತಿಗೂ ಬರುವುದಿಲ್ಲ. ಫಸ್ಟ್ ಅವರ್‌ನಲ್ಲಿ ತೂಕಡಿಸುವ ಅರ್ಧ ಕ್ಲಾಸಿನ ಕಥೆಯೂ ಇದೇ. ಮೊನ್ನೆ ಹಳೆಯ ಗೆಳೆಯನೊಬ್ಬನಿಂದ ಅವನ ನಂಬರ್ ಸಿಕ್ಕಿತು. ಬೆಳಗ್ಗೆ ಎಂಟಕ್ಕೇ ಮಾಡಿದೆ. ದನಿ ಗುರುತು ಹಿಡಿದು ಜೋರಾಗಿ ನಕ್ಕ: 'ಈಗ ಎದ್ದಿಯೇನಲೇ?'

ಬೇಕರಿಯಲ್ಲಿ ಅವನ ಕೆಲಸ ಬೆಳಗಿನ ಮೂರಕ್ಕೇ ಶುರುವಂತೆ. ಹತ್ತು ನಿಮಿಷ ಮಾತಾಡಿ, ಮಲಗಬೇಕು ಎಂದು ಫೋನ್ ಇಟ್ಟ.