ತುಂಡಾದ ಹಗ್ಗ, ಬೆಳೆದ ಊರು

ಫಾರಿನ್‌ನಿಂದ ಬಂದವರು ತರುವ ಟೋಬ್ಲೆರೋನ್ ಚಾಕೊಲೇಟ್ ನೆನಪಿದೆಯಾ? 2023ರಲ್ಲಿ ತಯಾರಿಕೆಯ ಒಂದು ಭಾಗ ಸ್ಲೊವಾಕಿಯಾಕ್ಕೆ ಹೋಗುವವರೆಗೂ ಅದರ ಪ್ಯಾಕ್ ಮೇಲಿದ್ದ ಚೂಪು ಬೆಟ್ಟವೇ ಮ್ಯಾಟರ್‌ಹಾರ್ನ್. ಎತ್ತರ 4,478 ಮೀಟರ್. ಅದರ ಬುಡದಲ್ಲಿರೋ ಸ್ವಿಸ್ ಊರು ಜರ್ಮಾಟ್.

ಆಫೀಸ್ ಕೆಲಸಕ್ಕೆ ಜ್ಯೂರಿಕ್‌ಗೆ ಹೋಗಿದ್ದಾಗ ಒಂದು ಶನಿವಾರ ಅಲ್ಲಿಗೆ ಹೋದೆ. ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಊರೊಳಗೆ ಪ್ರವೇಶವಿಲ್ಲ. ಟೇಶ್ ಎಂಬಲ್ಲಿ ಕಾರು ಬಿಟ್ಟು ರೈಲು ಹತ್ತಬೇಕು. ಎಲ್ಲರೂ ಗೋರ್ನರ್‌ಗ್ರಾಟ್ ರೈಲಿಗೆ ಕ್ಯೂ ನಿಂತಿದ್ದರು. ನಾನು ಚರ್ಚ್ ಹತ್ತಿರದ ಮ್ಯೂಸಿಯಂಗೆ ಇಳಿದೆ. ಅಲ್ಲಿ ಗಾಜಿನ ಹಿಂದೆ ಒಂದು ತುಂಡಾದ ಹಗ್ಗ ಇದೆ. ನೋಡಿದರೆ ಬಟ್ಟೆ ಒಣಹಾಕೋ ಹಗ್ಗಕ್ಕಿಂತ ಅಷ್ಟೇನೂ ದಪ್ಪ ಅನಿಸಲ್ಲ.

ಒಂದು ಕಾಲಕ್ಕೆ ಜರ್ಮಾಟ್ ಅಂದರೆ ದನ, ಆಡು, ಒಂದಿಷ್ಟು ರೈ ಬೆಳೆ, ಅಷ್ಟೇ. ಅಪರೂಪಕ್ಕೆ ಬರುವವರು ಪಾದ್ರಿ ಮನೆಯಲ್ಲಿ ಉಳೀತಿದ್ದರು. 1839ರಲ್ಲಿ ಊರಿನ ವೈದ್ಯರೊಬ್ಬರು ಮೂರು ಹಾಸಿಗೆಯ ವಸತಿಗೃಹ ತೆರೆದರು. ಸೋಪು ತಯಾರಿಸುತ್ತಿದ್ದ ಅಲೆಕ್ಸಾಂಡರ್ ಸೈಲರ್ ಅದನ್ನೇ ವಹಿಸಿಕೊಂಡು 1855ರಲ್ಲಿ ಮಾಂಟೆ ರೋಸಾ ಹೋಟೆಲ್ ಮಾಡಿದ. ಊರಿಗೇ ದುಡಿಮೆ ತಂದವನು, ಆದರೂ ಹೊರಗಿನವನು. ಊರಿನವನೆಂಬ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಬೇಕಾಯ್ತು!

1865ರ ಜುಲೈ 14ರಂದು ಇಂಗ್ಲೆಂಡಿನ ಎಡ್ವರ್ಡ್ ವಿಂಪರ್ ತಂಡ ಮೊದಲ ಬಾರಿಗೆ ಮ್ಯಾಟರ್‌ಹಾರ್ನ್ ತುದಿ ಮುಟ್ಟಿತು. ಏಳು ಜನ, ಅವರಲ್ಲಿ ಮೂವರು ಗೈಡ್‌ಗಳು: ಶಾಮೊನಿಯ ಮಿಶೆಲ್ ಕ್ರೋ, ಜರ್ಮಾಟ್‌ನ ಪೀಟರ್ ಟೌಗ್‌ವಾಲ್ಡರ್ ಮತ್ತು ಅದೇ ಹೆಸರಿನ ಮಗ. ಇಳಿಯುವಾಗ ಎಲ್ಲರೂ ಒಂದೇ ಸಾಲಿನಲ್ಲಿ ಹಗ್ಗ ಕಟ್ಟಿಕೊಂಡಿದ್ದರು. ಅನುಭವವಿಲ್ಲದ 19ರ ಹುಡುಗ ಹ್ಯಾಡೋ ಜಾರಿ ಕ್ರೋ ಮೇಲೆ ಬಿದ್ದ. ಆ ಸೆಳೆತಕ್ಕೆ ಹಡ್ಸನ್, ಡಗ್ಲಸ್ ಕೂಡ ಹೋದರು. ಡಗ್ಲಸ್ ಮತ್ತು ಅಪ್ಪ ಟೌಗ್‌ವಾಲ್ಡರ್ ನಡುವೆ ಹಗ್ಗ ತುಂಡಾಯ್ತು. ನಾಲ್ವರು ಸತ್ತರು, ಮೇಲಿದ್ದ ಮೂವರು ಉಳಿದರು. ಡಗ್ಲಸ್ ದೇಹ ಇವತ್ತಿಗೂ ಸಿಕ್ಕಿಲ್ಲ.

ಜೀವ ಉಳಿಸಿಕೊಳ್ಳಲು ಗೈಡೇ ಹಗ್ಗ ಕೊಯ್ದ ಅಂತ ಸುದ್ದಿ ಹಬ್ಬಿತು. ಕೊಯ್ದಿಲ್ಲ ಅಂತ ವಿಂಪರ್ ಹೇಳಿದ. ಆದರೆ ಇದ್ದ ಹಗ್ಗಗಳಲ್ಲೇ ತೀರಾ ದುರ್ಬಲವಾದದ್ದನ್ನು ಅಲ್ಲಿ ಯಾಕೆ ಕಟ್ಟಿದ ಅನ್ನೋ ಅನುಮಾನವನ್ನು 1871ರ ತನ್ನ ಪುಸ್ತಕದಲ್ಲಿ ಬಿಟ್ಟುಹೋದ. ವಿಚಾರಣೆ ನಡೆಸಿದ ಅಧಿಕಾರಿ ಕ್ಲೆಮೆನ್ಸ್, ಊರಿನ ಇನ್ನೊಂದು ಹೋಟೆಲ್‌ನ ಮಾಲೀಕ ಕೂಡ. ಟೌಗ್‌ವಾಲ್ಡರ್‌ದು ತಪ್ಪಿಲ್ಲ ಅಂತಲೇ ತೀರ್ಪಾಯ್ತು, ಆದರೆ ಆ ದಾಖಲೆಗಳು ದಶಕಗಳ ಕಾಲ ಪ್ರಕಟವಾಗಲಿಲ್ಲ. ನಮ್ಮ ಆಫೀಸಲ್ಲಿ ಸರ್ವರ್ ಬಿದ್ದರೆ ವರದಿಯಲ್ಲಿ ಯಾರ ಹೆಸರೂ ಬರೆಯಬಾರದು, ವ್ಯವಸ್ಥೆಯಲ್ಲಿ ಎಲ್ಲಿ ಎಡವಟ್ಟಾಯ್ತು ಅಂತಷ್ಟೇ ನೋಡಬೇಕು ಅನ್ನೋ ನಿಯಮ ಇದೆ. ಇಲ್ಲಿ ನಡೆದದ್ದು ಉಲ್ಟಾ. ಅನುಭವವಿಲ್ಲದವನನ್ನು ಸೇರಿಸಿಕೊಂಡವರು ಯಾರು, ಏಳು ಜನರನ್ನು ಒಟ್ಟಿಗೆ ಕಟ್ಟಿದ್ದು ಸರಿಯಾ ಅನ್ನೋ ಪ್ರಶ್ನೆಗಳಿದ್ದರೂ, ಕಳಂಕ ಅಂಟಿದ್ದು ಪುಸ್ತಕ ಬರೆಯಲಾಗದ ಗೈಡ್‌ಗೆ.

ಜರ್ಮಾಟ್‌ಗೆ ಮಾತ್ರ ಆ ದುರಂತವೇ ಜಾಹೀರಾತಾಯ್ತು. ಬೆಟ್ಟ ನೋಡಲು ಜನ ಮುಗಿಬಿದ್ದರು. 1871ರಲ್ಲಿ ಲೂಸಿ ವಾಕರ್ ತುದಿ ಮುಟ್ಟಿದ ಮೊದಲ ಮಹಿಳೆಯಾದಳು. ಟೌಗ್‌ವಾಲ್ಡರ್ ಕೆಲವು ವರ್ಷ ಅಮೆರಿಕಕ್ಕೆ ಹೋಗಿ ಬಂದ, 1888ರಲ್ಲಿ ತೀರಿಕೊಂಡ. ಮೂರು ವರ್ಷಕ್ಕೆ ಊರಿಗೆ ರೈಲು ಬಂತು.

ಬೆಟ್ಟವೂ ಈಗ ಮೊದಲಿನಂತಿಲ್ಲ. ಬಂಡೆಗಳನ್ನು ಹಿಡಿದಿಟ್ಟ ಮಂಜುಗಡ್ಡೆ ಕರಗುತ್ತಿದೆ. 2003ರ ಸೆಕೆಯಲ್ಲಿ ಬಂಡೆ ಕುಸಿದು, ಮೇಲಿದ್ದ ಚಾರಣಿಗರನ್ನು ಹೆಲಿಕಾಪ್ಟರ್‌ನಲ್ಲಿ ಇಳಿಸಬೇಕಾಯ್ತು. ಜರ್ಮಾಟ್ ಗೈಡ್‌ಗಳು ಈಗ ಮ್ಯಾಟರ್‌ಹಾರ್ನ್‌ಗೆ ಒಂದು ಹಗ್ಗದಲ್ಲಿ ಒಬ್ಬರನ್ನು ಮಾತ್ರ ಕರೆದೊಯ್ಯುತ್ತಾರೆ.